ಹರಿತ ಆಮೇಲೆ, ಲಾಕ್ ಮೊದಲು

ಕುಕ್ ಟೌನ್, ಫ್ರೇಜರ್ ಟೌನ್, ಜೀವನಹಳ್ಳಿ, ಮಾರುತಿ ಸೇವಾನಗರದ ಸ್ಕೌಟ್ಸ್–ಗೈಡ್ಸ್ ಮಕ್ಕಳ ತಂದೆತಾಯಂದಿರಿಗೆ,



ಶಿಬಿರಕ್ಕೆ ಏನೇನು ತರಬೇಕು ಎಂಬ ಪಟ್ಟಿ ಮಕ್ಕಳ ಕೈಗೆ ಬರುವ ಕಾಲ ಇದು. ತಟ್ಟೆ, ಲೋಟ, ಹೊದಿಕೆ, ಟಾರ್ಚು, ಹಗ್ಗ. ಸ್ವಲ್ಪ ದೊಡ್ಡ ಮಕ್ಕಳಿಗಾದರೆ ಒಂದು ಮಡಚುವ ಚಾಕು. ಟಾರ್ಚು ಕೊಂಡರೆ ಹತ್ತಾರು ಸಲ ಹತ್ತಿಸಿ ಆರಿಸಿ ನೋಡುತ್ತೀರಿ. ಶೂ ಕೊಂಡರೆ ಅಂಗಡಿಯಲ್ಲೇ ನಾಲ್ಕು ಹೆಜ್ಜೆ ನಡೆಸುತ್ತೀರಿ. ಚಾಕು ಬಂದಾಗ ಮಾತ್ರ ಹೆಚ್ಚಿನ ಮನೆಗಳಲ್ಲಿ ನಡೆಯುವ ಪರೀಕ್ಷೆ ಒಂದೇ. ಅಪ್ಪ ಡಬ್ಬಿ ಬಿಚ್ಚಿ, ಅಲಗಿನ ಮೇಲೆ ಹೆಬ್ಬೆರಳು ಆಡಿಸಿ, "ಒಳ್ಳೇ ಹರಿತ ಇದೆ ಕಣೋ" ಅನ್ನುತ್ತಾರೆ. ಚಾಕು ಬ್ಯಾಗು ಸೇರುತ್ತದೆ.

ಹರಿತವನ್ನು ಕೊನೆಗೆ ನೋಡಿ ಎಂದು ಹೇಳುವುದಕ್ಕೇ ಈ ಪತ್ರ. ಮೊಂಡು ಚಾಕುವನ್ನು ಸ್ವಲ್ಪ ಹೊತ್ತು ಕಲ್ಲಿನ ಮೇಲೆ ಮಸೆದರೆ ಹರಿತ ಬಂದೇ ಬರುತ್ತದೆ. ಬಿಚ್ಚಿದ ಅಲಗು ತಾನೇ ಮಡಚಿಕೊಳ್ಳದಂತೆ ಹಿಡಿದಿಡುವ ಲಾಕ್ ಸರಿಯಾಗಿ ಕೂರದ ಚಾಕುವನ್ನು ಮನೆಯಲ್ಲಿ ಯಾರೂ ರಿಪೇರಿ ಮಾಡಲಾರರು. ಕಾಯಿಸಿ ತಣಿಸುವಾಗ ಹದ ತಪ್ಪಿದ ಉಕ್ಕಿನದೂ ಅದೇ ಪಾಡು. ಕೊಂಡ ಮೇಲೆ ಸರಿಪಡಿಸಲಾಗದ್ದನ್ನು ಮೊದಲು ನೋಡಬೇಕು, ಸರಿಪಡಿಸಬಹುದಾದ್ದನ್ನು ಆಮೇಲೆ. ನಾನು ದುಡಿದ ಟೂಲ್‌ರೂಮಿನಲ್ಲಿ ಹೊಸ ಸಾಮಾನು ಬಂದರೆ ನೋಡುತ್ತಿದ್ದ ಕ್ರಮ ಇದು. ಎಚ್‌ಎಎಲ್, ಐಟಿಐ, ಎನ್‌ಜಿಇಎಫ್ ಕಾರ್ಖಾನೆಗಳಲ್ಲಿ ಕೆಲಸ ಮಾಡಿ ನಿವೃತ್ತರಾದ ಹಿರಿಯರು ನಮ್ಮ ಸುತ್ತಮುತ್ತ ಇನ್ನೂ ಇದ್ದಾರೆ. ಮಗುವಿನ ಚಾಕುವನ್ನು ಅವರ ಕೈಗೆ ಕೊಟ್ಟು ನೋಡಿ. ಅವರ ಬೆರಳು ಮೊದಲು ಹೋಗುವುದು ಕೀಲಿನ ಕಡೆಗೆ.

ಸ್ಕೌಟ್ ಚಳವಳಿಗೂ ನಮ್ಮ ಊರಿಗೂ ಹಳೆಯ ನಂಟು. ಅದನ್ನು ಹುಟ್ಟುಹಾಕಿದ ಬೇಡನ್ ಪೊವೆಲ್ ಇಂಗ್ಲೆಂಡಿನಲ್ಲಿ 'ಸ್ಕೌಟಿಂಗ್ ಫಾರ್ ಬಾಯ್ಸ್' ಪುಸ್ತಕ ತಂದದ್ದು 1908ರಲ್ಲಿ. ಮರುವರ್ಷವೇ ಕ್ಯಾಪ್ಟನ್ ಟಿ.ಎಚ್. ಬೇಕರ್ ಬೆಂಗಳೂರಿನಲ್ಲಿ ಒಂದು ದಳ ಕಟ್ಟಿ ಲಂಡನ್ನಿನ ಕೇಂದ್ರ ಕಚೇರಿಯಲ್ಲಿ ನೋಂದಣಿ ಮಾಡಿಸಿದರು. ಭಾರತದ ಮೊದಲ ದಳ ಎಂದು ಹೆಸರಾದದ್ದು ಅದು. ಆಗ ಅದರ ಬಾಗಿಲು ತೆರೆದಿದ್ದುದು ಯುರೋಪಿಯನ್ ಮತ್ತು ಆಂಗ್ಲೋ ಇಂಡಿಯನ್ ಹುಡುಗರಿಗೆ ಮಾತ್ರ. ನಮ್ಮ ಮಕ್ಕಳಿಗೂ ಜಾಗ ಬೇಕೆಂದು ಆನಿ ಬೆಸೆಂಟ್ 1917ರಲ್ಲಿ ಬೇರೆ ಸಂಘ ಕಟ್ಟಿದರು. ಸ್ವಾತಂತ್ರ್ಯ ಬಂದ ಮೇಲೆ, 1950ರ ನವೆಂಬರ್ 7ರಂದು, ಸ್ಕೌಟ್ ಸಂಘಗಳು ಕೂಡಿ ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್ ಆಯಿತು. ಸ್ಕೌಟುಗಳ ಚಾಕುವಿನ ಪಾಠ ಹಳೆಯದು: ಮಡಚಿ ಕೊಡು, ಸುತ್ತ ಕೈ ಚಾಚಿದಷ್ಟು ದೂರದೊಳಗೆ ಯಾರೂ ಇರದಂತೆ ನೋಡಿಕೋ, ಮೈಯಿಂದ ಆಚೆಗೆ ಕೊಯ್ಯಿ. ಈ ಪಾಠ ಹುಟ್ಟಿದ್ದು ಬೆನ್ನಿನ ಸ್ಪ್ರಿಂಗಿನ ಬಿಗಿಯಲ್ಲೇ ನಿಲ್ಲುವ ಚಾಕುಗಳ ಕಾಲದಲ್ಲಿ. ಈಗ ಮಾರಾಟಕ್ಕೆ ಬರುವ ಚಾಕುಗಳಲ್ಲಿ ಹೆಚ್ಚಿನವಕ್ಕೆ ಲಾಕ್ ಇದೆ. ಲಾಕನ್ನು ಪರೀಕ್ಷಿಸುವುದು ಹೇಗೆ ಎಂಬ ಪಾಠ ಮಾತ್ರ ಮಕ್ಕಳಿಗೂ ಇಲ್ಲ, ನಮಗೂ ಇಲ್ಲ.

ಮೊದಲಿಗೆ, ನಿಮ್ಮ ಕೈಯಲ್ಲಿರುವ ಚಾಕು ಯಾವ ಬಗೆಯದು ಎಂದು ತಿಳಿದುಕೊಳ್ಳಿ. ಲಾಕ್ ಇಲ್ಲದ ಸ್ಪ್ರಿಂಗ್ ಚಾಕು ಒಂದು ಬಗೆ. ವಿಕ್ಟೋರಿನಾಕ್ಸ್ ಕಂಪನಿಯ 91 ಮಿಲಿಮೀಟರ್ ಉದ್ದದ ಕೆಂಪು ಚಾಕುಗಳೆಲ್ಲ ಇದೇ ಜಾತಿ. ಅದೇ ಕಂಪನಿಯ 111 ಮಿಲಿಮೀಟರಿನ ಹೆಚ್ಚಿನ ಚಾಕುಗಳಿಗೆ ಲಾಕ್ ಇರುತ್ತದೆ. ಫ್ರಾನ್ಸಿನ ಒಪಿನೆಲ್ ಚಾಕು 1890ರಿಂದ ಇದೆ, ಕೀಲಿನ ಮೇಲೆ ತಿರುಗುವ ಉಂಗುರ ಅದಕ್ಕೆ ಬಂದದ್ದು 1955ರಲ್ಲಿ. ಅಲಗು ಬಿಚ್ಚಿ ಉಂಗುರ ತಿರುಗಿಸಿದರೆ ಲಾಕ್. ಹಿಡಿಯ ಬೆನ್ನಿನ ಮೇಲೆ ಒತ್ತಿ ಬಿಡಿಸುವುದು ಬ್ಯಾಕ್ ಲಾಕ್. ಅದರಲ್ಲಿ ಒಂದು ಸಣ್ಣ ಸನ್ನೆ ಅಲಗಿನ ಬುಡದ ಕಚ್ಚಿಗೆ ಬಂದು ಬೀಳುತ್ತದೆ. ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಗುವವು ಹೆಚ್ಚಾಗಿ ಲೈನರ್ ಲಾಕ್. ಹಿಡಿಯ ಒಳಗಿನ ತೆಳು ಉಕ್ಕಿನ ಪಟ್ಟಿಯೊಂದು ಪಕ್ಕಕ್ಕೆ ಸರಿದು ಅಲಗಿನ ಬುಡಕ್ಕೆ ಅಡ್ಡ ನಿಲ್ಲುತ್ತದೆ. ಎಲ್ಲಕ್ಕಿಂತ ಹುಷಾರಾಗಿ ನೋಡಬೇಕಾದ್ದು ಇದನ್ನೇ. ಎಲ್ಲ ಭಾರವೂ ಆ ಪಟ್ಟಿಯ ತುದಿಯಲ್ಲಿ, ಮತ್ತು ಅಲಗು ಮಡಚಿಕೊಂಡು ಬರುವ ದಾರಿಯಲ್ಲಿ ಇರುವುದು ಮಗುವಿನ ನಾಲ್ಕು ಬೆರಳು.

ಪಟ್ಟಿ ಎಲ್ಲಿ ಕೂತಿದೆ ಎಂದು ನೋಡಲು ಚಾಕುವನ್ನು ಪೂರ್ತಿ ಬಿಚ್ಚಿ, ಕಿಟಕಿಯ ಬೆಳಕಿಗೆ ಹಿಡಿದು, ಮಡಚುವ ಸಂದಿನ ಕಡೆಯಿಂದ ಕೀಲನ್ನು ನೋಡಿ. ಅಲಗಿನ ಬುಡದ ದಪ್ಪದಲ್ಲಿ ಪಟ್ಟಿ ಎಷ್ಟು ದೂರ ಬಂದಿದೆ? ಮೂರನೇ ಒಂದು ಭಾಗದಿಂದ ಅರ್ಧದವರೆಗೆ ಬಂದಿದ್ದರೆ ಹೊಸ ಚಾಕುವಿಗೆ ಅದು ಸರಿ. ಅಂಚಿಗೆ ಕೂದಲೆಳೆಯಷ್ಟು ತಾಗಿ ನಿಂತಿದ್ದರೆ, ಚಿಲಕ ಅರ್ಧ ಹಾಕಿದ ಬಾಗಿಲಿನಂತೆ. ನೋಡಲು ಮುಚ್ಚಿರುತ್ತದೆ, ತಳ್ಳಿದರೆ ತೆರೆಯುತ್ತದೆ. ಹಾಗಲ್ಲದೆ ಪಟ್ಟಿ ಆಚೆಯ ಗೋಡೆಗೇ ಹೋಗಿ ತಾಗಿದ್ದರೆ, ಸವೆದಂತೆಲ್ಲ ಮುಂದೆ ಸರಿಯಲು ಅದಕ್ಕೆ ಜಾಗವೇ ಉಳಿದಿಲ್ಲ; ಹೊಸದರಲ್ಲೇ ಮುದಿಯಾದ ಲಾಕ್ ಅದು. ಎರಡೂ ವಾಪಸ್ ಕಳಿಸುವ ಚಾಕುಗಳು.

ಆಮೇಲೆ ಅಲ್ಲಾಡಿಸಿ ನೋಡುವುದು. ಒಂದು ಕೈಯಲ್ಲಿ ಹಿಡಿ ಹಿಡಿದುಕೊಳ್ಳಿ, ಇನ್ನೊಂದು ಕೈಯ ಹೆಬ್ಬೆರಳು ತೋರುಬೆರಳಿನಿಂದ ಅಲಗಿನ ಬೆನ್ನನ್ನು ಚಿವುಟಿ ಹಿಡಿಯಿರಿ. ಎಡಕ್ಕೆ ಬಲಕ್ಕೆ ಆಡಿಸಿ. ಕೊಂಚ ಆಡಿದರೆ ಕೀಲಿನ ಸ್ಕ್ರೂ ಸಡಿಲ ಇದೆ ಎಂದರ್ಥ. ತಕ್ಕ ಸ್ಕ್ರೂಡ್ರೈವರಿನಿಂದ ಕಾಲು ಸುತ್ತು ಬಿಗಿ ಮಾಡಿದರೆ ಸಾಕು. ಸ್ಕ್ರೂ ಬದಲು ರಿವೆಟ್ ಹೊಡೆದಿದ್ದರೆ ಬಿಗಿ ಮಾಡಲು ದಾರಿ ಇಲ್ಲ, ಅಂಥದ್ದು ಬೇಡ. ಈಗ ಮೇಲಕ್ಕೆ ಕೆಳಕ್ಕೆ ಆಡಿಸಿ, ಅಂದರೆ ಮಡಚುವ ದಿಕ್ಕಿಗೆ. ಇಲ್ಲಿ 'ಟಕ್ ಟಕ್' ಎಂದು ಅಲಗು ಕುಣಿದರೆ ಅದು ಲಾಕಿನ ದೋಷ, ಯಾವ ಸ್ಕ್ರೂ ತಿರುಗಿಸಿದರೂ ಹೋಗದು. ಬ್ಯಾಕ್ ಲಾಕ್ ಚಾಕುಗಳಲ್ಲಿ ಬೆರಳಿಗೆ ಮಾತ್ರ ತಿಳಿಯುವಷ್ಟು ಸಣ್ಣ ಅಲುಗಾಟ ಇರುವುದುಂಟು. ಕಣ್ಣಿಗೆ ಕಾಣುವಷ್ಟು, ಕಿವಿಗೆ ಕೇಳುವಷ್ಟು ಇದ್ದರೆ ಅಲ್ಲೂ ಬೇಡ. ಅಡ್ಡ ಆಡಿದರೆ ಸ್ಕ್ರೂ, ಮೇಲೆ ಕೆಳಗೆ ಆಡಿದರೆ ವಾಪಸ್. ಈ ಪತ್ರದಲ್ಲಿ ಇದೊಂದೇ ನೆನಪಿಟ್ಟುಕೊಂಡರೂ ಸಾಕು.

ಒತ್ತಡದ ಪರೀಕ್ಷೆಯನ್ನು ದೊಡ್ಡವರೇ ಮಾಡಬೇಕು. ಕೆಲವರು ಚಾಕುವಿನ ಬೆನ್ನನ್ನು ಮೇಜಿಗೆ ಬಡಿದು ತೋರಿಸುತ್ತಾರೆ. ಆ ಏಟು ನೆಟ್ಟಗಿರುವ ಲಾಕನ್ನೂ ಕೆಡಿಸಬಹುದು. ಬಡಿಯಬೇಡಿ, ಒತ್ತಿ. ಹಿಡಿಯನ್ನು ಎರಡು ಬದಿಯಿಂದ ಮಾತ್ರ ಹಿಡಿಯಿರಿ. ಅಲಗು ಬಂದು ಕೂರುವ ಸಂದಿನ ಕಡೆ ಒಂದು ಬೆರಳೂ ಇರಬಾರದು. ಅಲಗಿನ ಬೆನ್ನನ್ನು ಮರದ ಮೇಜಿನ ಅಂಚಿಗೆ ಆನಿಸಿ, ನಿಧಾನವಾಗಿ ಭಾರ ಹಾಕಿ. ಲಾಕ್ ಕದಲಬಾರದು. ಆಮೇಲೆ ಹಿಡಿಯನ್ನು ಸ್ವಲ್ಪ ತಿರುಚುತ್ತಾ ಒತ್ತಿ, ಏಕೆಂದರೆ ಬಿದಿರು ಕೆತ್ತುವಾಗ ಅಲಗು ಸಿಕ್ಕಿಕೊಂಡರೆ ಮಗು ಮಾಡುವುದು ಅದನ್ನೇ. ಪಟ್ಟಿ ಜಾರಿದ್ದು ಕಂಡರೆ ಅಲ್ಲಿಗೇ ನಿಲ್ಲಿಸಿ. ಕೊನೆಗೆ ಚಾಕುವನ್ನು ಒಮ್ಮೆ ಮೆಲ್ಲಗೆ, ಒಮ್ಮೆ ರಭಸವಾಗಿ ಬಿಚ್ಚಿ. ರಭಸಕ್ಕೆ ಮಾತ್ರ ಕೂತು, ಮೆಲ್ಲಗೆ ಬಿಚ್ಚಿದಾಗ ಅರ್ಧಕ್ಕೆ ನಿಲ್ಲುವ ಲಾಕನ್ನು ನಂಬುವಂತಿಲ್ಲ. ಮಕ್ಕಳು ಬಿಚ್ಚುವುದು ಮೆಲ್ಲಗೆ. ಮಗುವಿನ ಹೆಬ್ಬೆರಳಿಗೆ ಬಿಡಿಸಲು ಬಾರದಷ್ಟು ಅಂಟಿಕೊಳ್ಳುವ ಲಾಕ್ ಕೂಡ ಒಳ್ಳೆಯದಲ್ಲ. ಬಿಡಿಸಲು ತಿಣುಕಾಡುವಾಗಲೇ ಕೈ ಜಾರುವುದು.

ಮಡಚಿದ ಮೇಲೂ ಕೆಲಸ ಇದೆ. ಮಡಚಿದ ಚಾಕುವನ್ನು ಒಮ್ಮೆ ಕೀಲು ಮೇಲಾಗುವಂತೆ, ಒಮ್ಮೆ ಕೆಳಗಾಗುವಂತೆ ಹಿಡಿದು ಜೋರಾಗಿ ಕೊಡವಿ. ಅಲಗು ಒಂದಿಷ್ಟೂ ಹೊರಗೆ ಬರಬಾರದು. ಬಂದರೆ ಅದು ಬ್ಯಾಗಿನೊಳಗೆ ತಾನೇ ಬಿಚ್ಚಿಕೊಳ್ಳುವ ಚಾಕು. ಸಂದಿನಲ್ಲಿ ಅಲಗು ನಡುವೆ ಇದೆಯೇ, ಒಂದು ಬದಿಗೆ ಉಜ್ಜುತ್ತಿದೆಯೇ ನೋಡಿ. ಬದಿಗೆ ವಾಲಿದ್ದರಿಂದ ಅಪಾಯ ಇಲ್ಲ, ಎಷ್ಟೋ ಸಲ ಸ್ಕ್ರೂ ಹೊಂದಿಸಿದರೆ ಸರಿಹೋಗುತ್ತದೆ. ಅಲಗಿನ ಬಾಯಿ, ಅಂದರೆ ಕೊಯ್ಯುವ ಅಂಚು, ಹಿಡಿಯ ಒಳಗೆ ಏನಕ್ಕಾದರೂ ಬಡಿಯುತ್ತಿದೆಯೇ ಎಂಬುದು ಅದಕ್ಕಿಂತ ಮುಖ್ಯ. ಬಾಯಿಯ ಉದ್ದಕ್ಕೂ ಮಾರ್ಕರ್ ಪೆನ್ನಿನಿಂದ ಕಪ್ಪು ಗೆರೆ ಎಳೆದು, ಮಡಚಿ, ಬಿಚ್ಚಿ ನೋಡಿ. ಒಂದು ಕಡೆ ಕಪ್ಪು ಅಳಿಸಿದ್ದರೆ ಅಲ್ಲಿ ಬಡಿಯುತ್ತಿದೆ, ಎಷ್ಟು ಮಸೆದರೂ ಆ ಜಾಗ ಮೊಂಡಾಗುತ್ತಲೇ ಇರುತ್ತದೆ.

ಇಷ್ಟರಲ್ಲಿ ಪಾಸಾದ ಚಾಕುವಿನ ಅಲಗಿಗೆ ಈಗ ಬನ್ನಿ. ಹೆಬ್ಬೆರಳು ಇನ್ನೂ ಬೇಡ, ಕಣ್ಣು ಸಾಕು. ಮೊನೆಯನ್ನು ಆಚೆಗೆ ಚಾಚಿ ಬೆನ್ನಿನ ಗೆರೆಯ ಮೇಲೆ ಕಣ್ಣಿಟ್ಟರೆ ಅಲಗು ನೇರ ಇದೆಯೋ ತಿರುಚಿದೆಯೋ ತಿಳಿಯುತ್ತದೆ. ತಿರುಚಿದ್ದರೆ ಹದ ಕೊಡುವಾಗ ತಪ್ಪಿದೆ. ಸುತ್ತಿಗೆಯಿಂದ ನೇರ ಮಾಡಲು ಹೋದರೆ ಮುರಿಯುತ್ತದೆ. ಬಾಯಿಯ ಪಕ್ಕ ಎರಡೂ ಕಡೆ ಮಸೆದ ಹೊಳೆಯುವ ಅಂಚು ಇರುತ್ತದಲ್ಲ, ಅದರ ಅಗಲ ಎರಡೂ ಬದಿ ಹೆಚ್ಚುಕಡಿಮೆ ಒಂದೇ ಇರಬೇಕು. ಈಗ ಬಾಯಿಯನ್ನೇ ನಿಮ್ಮ ಕಡೆ ತಿರುಗಿಸಿ, ಟೇಬಲ್ ಲ್ಯಾಂಪಿನ ಕೆಳಗೆ ಮೆಲ್ಲಗೆ ಹೊರಳಿಸಿ. ಹರಿತವಾದ ಬಾಯಿ ಬೆಳಕನ್ನು ವಾಪಸ್ ಕೊಡುವುದಿಲ್ಲ. ಎಲ್ಲಿ ಬಿಳಿ ಚುಕ್ಕೆ ಮಿನುಗುತ್ತದೋ ಅಲ್ಲಿ ಮೊಂಡು, ಇಲ್ಲವೇ ಕಚ್ಚು.

ಅಲಗಿನ ಮೇಲೆ ಕೊರೆದ ಹೆಸರಿಗೆ ಮಾರುಹೋಗಬೇಡಿ. 'ಸರ್ಜಿಕಲ್ ಸ್ಟೀಲ್' ಎಂಬ ದರ್ಜೆಯೇ ಉಕ್ಕಿನಲ್ಲಿ ಇಲ್ಲ. ಬರೀ '440' ಎಂದು ಇದ್ದರೆ ಅದರಲ್ಲಿ ಎ, ಬಿ, ಸಿ ಎಂದು ಮೂರು ಬಗೆ. ಇಂಗಾಲ ಎ ದರ್ಜೆಯಲ್ಲಿ ಶೇ. 0.60ರಿಂದ 0.75, ಸಿ ದರ್ಜೆಯಲ್ಲಿ ಶೇ. 0.95ರಿಂದ 1.20. ಹರಿತ ಹಿಡಿದು ನಿಲ್ಲಿಸುವುದು ಆ ಇಂಗಾಲ. ಸಿ ದರ್ಜೆ ಹಾಕಿದವರು ಸಿ ಎಂದು ಬರೆಯದೆ ಬಿಡುವುದಿಲ್ಲ. 'ಡಿ2' ಎಂಬ ಉಕ್ಕು ಅಚ್ಚು, ಡೈ ಮಾಡುವವರಿಗೆ ಹಳೆಯ ಪರಿಚಯ, ಈಗ ಅಗ್ಗದ ಚಾಕುಗಳಲ್ಲೂ ಬರುತ್ತಿದೆ. ಅದರಲ್ಲಿ ಶೇ. 12ರಷ್ಟು ಕ್ರೋಮಿಯಂ ಇದ್ದರೂ ಅದರ ದೊಡ್ಡ ಪಾಲು ಇಂಗಾಲದ ಜೊತೆ ಕಟ್ಟಿಕೊಂಡಿರುವುದರಿಂದ ತುಕ್ಕು ತಡೆಯಲು ಉಳಿಯುವುದು ಕಡಿಮೆ. ಒದ್ದೆ ಬ್ಯಾಗಿನಲ್ಲಿ ಬಿಟ್ಟರೆ ಚುಕ್ಕೆ ಚುಕ್ಕೆ ತುಕ್ಕು ಹಿಡಿಯುತ್ತದೆ. ಅಲೆಅಲೆಯ ಡಮಾಸ್ಕಸ್ ಚಿತ್ತಾರ ಅಗ್ಗದ ಚಾಕುವಿನ ಮೇಲೆ ಇದ್ದರೆ ಬಹಳ ಸಲ ಅದು ಮೇಲ್ಮೈಗೆ ಬರೆದದ್ದು, ಉಕ್ಕಿಗೂ ಅದಕ್ಕೂ ಸಂಬಂಧ ಇಲ್ಲ. ಇನ್ನು, ಒಂದೇ ಉಕ್ಕನ್ನು ಇಬ್ಬರು ಕಾಯಿಸಿ ತಣಿಸಿದರೆ ಎರಡು ಬೇರೆ ಚಾಕು ಆಗುತ್ತವೆ. ರಾಕ್‌ವೆಲ್ ಗಡಸುತನ 56ರಿಂದ 58ರ ಆಸುಪಾಸು ಇದ್ದರೆ ಶಿಬಿರದ ಕೆಲಸಕ್ಕೆ ಹದವಾದ ಚಾಕು. ಆ ಅಂಕಿಯನ್ನು ಡಬ್ಬಿಯ ಮೇಲೆ ಯಾರು ಬೇಕಾದರೂ ಅಚ್ಚು ಹಾಕಿಸಬಹುದು, ಆದ್ದರಿಂದ ಕೊಯ್ದೇ ನೋಡಬೇಕು.

ಅದಕ್ಕೆ ಬೇಕಾದ್ದು ಹಳೆಯ ದಿನಪತ್ರಿಕೆ ಮತ್ತು ತೆಂಗಿನ ನಾರಿನ ಹಗ್ಗ. ಪತ್ರಿಕೆಯ ಒಂದು ಹಾಳೆಯನ್ನು ಎತ್ತಿ ಹಿಡಿದು ಬುಡದಿಂದ ಮೊನೆಯವರೆಗೆ ಅಲಗಿನ ಪೂರ್ತಿ ಉದ್ದ ಬಳಸಿ ಕೊಯ್ಯಿರಿ. ಎಲ್ಲಿ ಕಾಗದ ಹರಿಯುತ್ತದೋ ಆ ಜಾಗ ನೆನಪಿಟ್ಟುಕೊಳ್ಳಿ. ಹಗ್ಗವನ್ನು ಮಣೆಯ ಮೇಲಿಟ್ಟು ಅಲಗಿನ ಒಂದೇ ಭಾಗದಿಂದ ಇಪ್ಪತ್ತು ತುಂಡು ಮಾಡಿ, ಮತ್ತೆ ಕಾಗದ ಕೊಯ್ಯಿರಿ, ಮತ್ತೆ ಲ್ಯಾಂಪಿಗೆ ಹಿಡಿಯಿರಿ. ಬಾಯಿ ಒಂದು ಬದಿಗೆ ಮಗುಚಿದಂತೆ ಕಂಡರೆ ಉಕ್ಕು ಮೆತ್ತಗೆ. ಸಣ್ಣ ಸಣ್ಣ ಚಕ್ಕೆ ಎದ್ದಿದ್ದರೆ ಅತಿ ಗಡಸು, ಇಲ್ಲವೇ ಕಾರ್ಖಾನೆಯ ಮೆಷಿನ್ನಿನಲ್ಲಿ ಮಸೆಯುವಾಗ ಬಾಯಿ ಸುಟ್ಟಿದೆ. ಸುಟ್ಟ ಬಾಯಿಯಾದರೆ ಎರಡು ಸಲ ಕಲ್ಲಿನ ಮೇಲೆ ಮಸೆದ ಮೇಲೆ ಒಳಗಿನ ಒಳ್ಳೆಯ ಉಕ್ಕು ಮೇಲೆ ಬರುತ್ತದೆ. ಹಾಗಾಗಿ ಲಾಕ್ ವಿಷಯದಲ್ಲಿ ಮೊದಲ ದಿನವೇ ಕಠಿಣವಾಗಿರಿ, ಉಕ್ಕಿಗೆ ಎರಡು ಮಸೆತದ ಅವಕಾಶ ಕೊಡಿ.

ಮಸೆಯಲು ಬೀದಿಗೆ ಬರುವ ಸಾಣೆಯವರಿಗೆ ಈ ಚಾಕು ಕೊಡಬೇಡಿ. ಅಡುಗೆಮನೆಯ ದಪ್ಪ ಕತ್ತಿಗೆ, ಕತ್ತರಿಗೆ ಅವರ ಕೈ ಚೆನ್ನಾಗಿಯೇ ಇದೆ. ಆದರೆ ಒಣ ಚಕ್ರದ ಮೇಲೆ ಕಿಡಿ ಹಾರುವಾಗ ತೆಳು ಅಲಗಿನ ಬಾಯಿ ಕ್ಷಣದಲ್ಲಿ ಕಾಯುತ್ತದೆ. ಉಕ್ಕು ಮೊದಲು ಒಣಹುಲ್ಲಿನ ಬಣ್ಣಕ್ಕೆ, ಆಮೇಲೆ ಕಂದು ಬಣ್ಣಕ್ಕೆ, ಸುಮಾರು 300 ಡಿಗ್ರಿಯ ಹೊತ್ತಿಗೆ ನೀಲಿಗೆ ತಿರುಗುತ್ತದೆ. ನೀಲಿ ಕಂಡ ಜಾಗದಲ್ಲಿ ಹದ ಹೋಯಿತು. 1000 ನಂಬರಿನ ಒಂದು ಚಪ್ಪಟೆ ಸಾಣೆಕಲ್ಲು ಕೊಂಡು ನೀರು ಹಾಕಿ ಮನೆಯಲ್ಲೇ ಮಸೆಯಿರಿ. ಓರೆ ಎಷ್ಟಿರಬೇಕು ಎಂದು ಮಗುವಿಗೆ ಹೇಳಿಕೊಡುವುದು ಸುಲಭ: ಚೌಕ ಕಾಗದದ ಮೂಲೆ 90 ಡಿಗ್ರಿ, ಒಮ್ಮೆ ಮಡಚಿದರೆ 45, ಇನ್ನೊಮ್ಮೆ ಮಡಚಿದರೆ ಇಪ್ಪತ್ತೆರಡೂವರೆ. ಆ ಮಡಿಕೆಯನ್ನು ಕಲ್ಲಿನ ಪಕ್ಕ ನಿಲ್ಲಿಸಿ ಅಲಗನ್ನು ಅದಕ್ಕೆ ಹೊಂದಿಸಿದರೆ ಸಾಕು.

ಎಣ್ಣೆಯ ಬಗ್ಗೆ ಒಂದು ಮಾತು. ಅಲಗಿಗೆ ಕೊಬ್ಬರಿ ಎಣ್ಣೆ ಸವರಿದರೆ ತೊಂದರೆ ಇಲ್ಲ, ಹಣ್ಣು ಕೊಯ್ಯುವ ಚಾಕುವಿಗೆ ಅದೇ ಒಳ್ಳೆಯದು. ಕೀಲಿಗೆ ಮಾತ್ರ ಹಾಕಬೇಡಿ. ಕೊಬ್ಬರಿ ಎಣ್ಣೆ 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ; ನಮ್ಮ ಡಿಸೆಂಬರಿನ ಬೆಳಗಿನಲ್ಲಿ ಕೀಲು ಮಂದವಾಗಿ, ಲಾಕಿನ ಪಟ್ಟಿ ಪೂರ್ತಿ ಸರಿಯದೆ ನಿಲ್ಲಬಹುದು. ಹೊಲಿಗೆ ಮೆಷಿನ್ ಎಣ್ಣೆ ಒಂದು ಹನಿ ಸಾಕು. ಒಪಿನೆಲ್‌ನಂತಹ ಮರದ ಹಿಡಿ ಮಳೆಗಾಲದಲ್ಲಿ ಉಬ್ಬಿ ಅಲಗನ್ನು ಕಚ್ಚಿ ಹಿಡಿಯುತ್ತದೆ. ಉಗುರು ಹಾಕಿ ಎಳೆಯಲು ಹೋಗದೆ ಹಿಡಿಯ ಹಿಂಬದಿಯನ್ನು ಮರದ ಮೇಲೆ ಮೆಲ್ಲಗೆ ತಟ್ಟಿದರೆ ಅಲಗು ತಾನೇ ಮೇಲೇಳುತ್ತದೆ. ಬ್ಯಾಕ್ ಲಾಕಿನ ಕಚ್ಚಿನಲ್ಲಿ ಮಣ್ಣು ತುಂಬಿದರೆ ಸನ್ನೆ ಅರ್ಧಕ್ಕೇ ನಿಲ್ಲುತ್ತದೆ. ಶಿಬಿರದಲ್ಲಿ ದಿನಕ್ಕೊಮ್ಮೆ ಹಲ್ಲುಕಡ್ಡಿಯಿಂದ ತೆಗೆಯಲು ಮಕ್ಕಳಿಗೆ ಹೇಳಿ.

ಯಾರಿಗೆ ಚಾಕು, ಯಾರಿಗೆ ಬೇಡ ಎಂಬುದನ್ನೂ ಹೇಳಿಬಿಡುತ್ತೇನೆ. ಹತ್ತು ವರ್ಷದೊಳಗಿನ ಕಬ್, ಬುಲ್‌ಬುಲ್ ಮಕ್ಕಳಿಗೆ ಬೇಡ. ಬಟನ್ ಒತ್ತಿದರೆ ಚಿಮ್ಮುವ ಚಾಕು ಯಾವ ವಯಸ್ಸಿನವರಿಗೂ ಬೇಡ. ಶಾಲೆಯ ಬ್ಯಾಗಿನಲ್ಲಿ ಚಾಕು ಕೂಡದು. ಶಿಬಿರದ ದಿನ ದೊಡ್ಡವರ ಕೈಯಿಂದ ಸ್ಕೌಟ್ ಮಾಸ್ಟರ್ ಅಥವಾ ಗೈಡ್ ಕ್ಯಾಪ್ಟನ್ ಕೈಗೆ ಹೋಗಲಿ, ಕೆಲಸದ ಹೊತ್ತಿಗೆ ಮಾತ್ರ ಮಗುವಿಗೆ ಬರಲಿ. 1959ರ ಶಸ್ತ್ರಾಸ್ತ್ರ ಕಾಯ್ದೆಯ ನಿಯಮಗಳು 9 ಅಂಗುಲಕ್ಕಿಂತ ಉದ್ದ ಅಥವಾ 2 ಅಂಗುಲಕ್ಕಿಂತ ಅಗಲ ಇರುವ ಅಲಗಿನ ಚಾಕುಗಳನ್ನು, ಮನೆಬಳಕೆ, ಕೃಷಿ, ಕೈಗಾರಿಕೆಯಂಥ ಕೆಲಸಕ್ಕೆಂದು ಮಾಡಿದವನ್ನು ಬಿಟ್ಟು, ಆಯುಧಗಳ ಸಾಲಿಗೆ ಸೇರಿಸುತ್ತವೆ. ನಿಮ್ಮ ಮಗುವಿಗೆ ಮೂರು ಅಂಗುಲದ ಅಲಗೇ ಧಾರಾಳ. ಸಣ್ಣದು ಎಂಬ ಕಾರಣಕ್ಕೆ ಜೇಬಿನಲ್ಲಿಟ್ಟುಕೊಂಡು ಬೀದಿ ತಿರುಗುವುದಕ್ಕೆ ಅದು ಪರವಾನಗಿ ಅಲ್ಲ ಎಂದೂ ಹೇಳಿಕೊಡಿ.

ಎರಡು ಕೋರಿಕೆ. ಒಂದು, ಒತ್ತಿ ನೋಡುವ ಪರೀಕ್ಷೆ ಬಿಟ್ಟು ಉಳಿದದ್ದನ್ನು ನಿಮ್ಮ ಎದುರಿನಲ್ಲಿ ಮಗುವಿನಿಂದಲೇ ಮಾಡಿಸಿ. ಹೊಸ ಚಾಕುವಿನ ಲಾಕ್ ನೋಡಲು ಕಲಿತ ಮಗು ಒಂದು ವರ್ಷದ ನಂತರ ಸವೆದ ಲಾಕನ್ನೂ ಗುರುತಿಸುತ್ತದೆ. ದಳ ನಡೆಸುವವರು ಶಿಬಿರಕ್ಕೆ ಮೊದಲು ಇದಕ್ಕೆ ಅರ್ಧ ಗಂಟೆ ಇಟ್ಟುಕೊಂಡರೆ ಎಲ್ಲರಿಗೂ ಒಳ್ಳೆಯದು.

ಎರಡು, ಲಾಕಿನಲ್ಲಿ ಫೇಲಾದ ಚಾಕುವನ್ನು, ಮಾರಿದವರು ಅರ್ಧ ದುಡ್ಡು ವಾಪಸ್ ಕೊಡುತ್ತೇವೆ ಇಟ್ಟುಕೊಳ್ಳಿ ಎಂದರೂ ಇಟ್ಟುಕೊಳ್ಳಬೇಡಿ. 'ಲಾಕ್ ಮಡಚುವ ದಿಕ್ಕಿಗೆ ಆಡುತ್ತದೆ' ಎಂದು ಸ್ಪಷ್ಟವಾಗಿ ಬರೆದು ವಾಪಸ್ ಕಳಿಸಿ. ವಾಪಸ್ ತೆಗೆದುಕೊಳ್ಳದಿದ್ದರೆ ಕೀಲಿನ ಸ್ಕ್ರೂ ಬಿಚ್ಚಿ ಅಲಗು ಹಿಡಿ ಬೇರೆ ಮಾಡಿ, ಅಲಗನ್ನು ದಪ್ಪ ರಟ್ಟಿನಲ್ಲಿ ಸುತ್ತಿ ಗುಜರಿಗೆ ಹಾಕಿ. ನಮ್ಮ ಮಗುವಿಗೆ ಆಗದು, ಹೇಗೂ ಹೊಸದು ಎಂದು ಅದನ್ನು ಮನೆಕೆಲಸದವರಿಗೋ ವಾಚ್‌ಮನ್‌ಗೋ ಕೊಡಬೇಡಿ. ಅವರ ಕೈಗೂ ಐದೇ ಬೆರಳು, ಮತ್ತು ಮರುದಿನದ ದುಡಿಮೆ ಆ ಬೆರಳುಗಳ ಮೇಲೆಯೇ ನಿಂತಿದೆ.

ಇಂತಿ ನಿಮ್ಮ,
ನೆರೆಯ ಒಬ್ಬ ನಿವೃತ್ತ ಟೂಲ್‌ರೂಮ್ ಫಿಟ್ಟರ್
ಕುಕ್ ಟೌನ್, ಬೆಂಗಳೂರು